ತೊಟ್ಟಿಯಲ್ಲಿ ಗೊದಮೊಟ್ಟೆ, ಬೋರ್ಡಿನ ಮೇಲೆ ರಿಸೆಪ್ಟರ್

'ಥೈರಾಯ್ಡ್ ಹಾರ್ಮೋನ್ ಬಂತು, ಗೊದಮೊಟ್ಟೆ ಕಪ್ಪೆಯಾಯ್ತು' ಎಂದು ಬಿಎಸ್ಸಿ ಮಕ್ಕಳಿಗೆ ಹೇಳಿ ಕೈತೊಳೆದುಕೊಳ್ಳಬಹುದು. 1912ರಲ್ಲಿ ವಿಜ್ಞಾನಿ ಗುಡರ್ನಾಚ್ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿ, ಅವು ಬೇಗನೆ ಪುಟ್ಟ ಕಪ್ಪೆಗಳಾದದ್ದನ್ನು ತೋರಿಸಿದ್ದೂ ಇದನ್ನೇ. ಆದರೆ ಹಾರ್ಮೋನ್ ಬರುವ ಮೊದಲು, ಅದು ಬಂದು ಅಂಟುವ ಜೀವಕೋಶದ ಪ್ರೋಟೀನ್, ಅಂದರೆ ರಿಸೆಪ್ಟರ್, ಸುಮ್ನೆ ಕೂತಿರುತ್ತದಾ? ಪಾಠದ ರುಚಿ ಇರುವುದೇ ಅಲ್ಲಿ.

ಗಂಗಾವತಿ ಸುತ್ತ ಮಳೆ ಬಿದ್ದರೆ ನೆಲಗಪ್ಪೆಯ ಮೊಟ್ಟೆಗೆ ಬರವಿಲ್ಲ. ನಿಂತ ನೀರಲ್ಲಿ ಕರಿಮಣಿ ಪೋಣಿಸಿದ ದಾರದ ಹಾಗೆ ಇರುತ್ತದೆ. ಒಂದು ತುಂಡು ಮಾತ್ರ ಅದೇ ನೀರಿನ ಜೊತೆ ತಂದು ಅಗಲವಾದ ತೊಟ್ಟಿಗೆ ಬಿಡುತ್ತೇನೆ. ನಲ್ಲಿ ನೀರಾದರೆ ರಾತ್ರಿಯಿಡೀ ತೆರೆದ ಪಾತ್ರೆಯಲ್ಲಿಟ್ಟು ಹಾಕಬೇಕು. ಊಟಕ್ಕೆ ಬೇಯಿಸಿದ ಪಾಲಕ್, ಚಿಟಿಕೆಯಷ್ಟು. ಜಾಸ್ತಿ ಹಾಕಿದರೆ ನೀರು ನಾರುತ್ತದೆ. ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆ ಕರಗಿಸಿ ನೋಡೋಣ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮೈ ಬಲಿಯದೆ ರೂಪ ಬದಲಾದರೆ ಬದುಕುವುದು ಕಷ್ಟ.

ಹಿಂಗಾಲಿನ ಜಾಗದಲ್ಲಿ ಸಾಸಿವೆಗಿಂತ ಚಿಕ್ಕ ಮೊಗ್ಗು ಕಂಡಾಗ ಲೆನ್ಸ್ ಕೊಟ್ಟು ಬೋರ್ಡಿಗೆ ಹೋಗುತ್ತೇನೆ. ಈ ಹಾರ್ಮೋನಿಗೆ ಆಲ್ಫಾ, ಬೀಟಾ ಎಂದು ಎರಡು ಬಗೆಯ ರಿಸೆಪ್ಟರ್. ಆಲ್ಫಾ ರಿಸೆಪ್ಟರ್ ಹಾರ್ಮೋನಿಗಿಂತ ಮೊದಲೇ ಡಿಎನ್ಎ ಮೇಲೆ ಕೂತಿರುತ್ತದೆ. ಎನ್-ಕಾರ್ ಎಂಬ ಪ್ರೋಟೀನನ್ನು ಕರೆದುಕೊಳ್ಳುತ್ತದೆ, ಅದರ ಜೊತೆಗಿನ ಕಿಣ್ವ ಹಿಸ್ಟೋನಿನ (ಡಿಎನ್ಎ ಸುತ್ತಿಕೊಂಡಿರುವ ಪ್ರೋಟೀನಿನ) ಮೇಲಿನ, ಜೀನನ್ನು ಸಡಿಲವಾಗಿಡುವ ಅಸಿಟೈಲ್ ಗುಂಪುಗಳನ್ನು ಕಿತ್ತುಹಾಕುತ್ತದೆ, ಜೀನ್ ಅದುಮಿಹೋಗುತ್ತದೆ. ಹಾರ್ಮೋನ್ ಅಂಟಿದ ಕೂಡಲೇ ಎನ್-ಕಾರ್ ಮತ್ತು ಆ ಕಿಣ್ವ ಜಾಗ ಬಿಡುತ್ತವೆ, ಜೀನ್ ಎಬ್ಬಿಸುವ ಪ್ರೋಟೀನುಗಳು ಬರುತ್ತವೆ. ರಿಸೆಪ್ಟರ್ ಅಂದರೆ ಕಾವಲುಗಾರ: ಕಾಲುವೆಯ ತೂಬು ಮುಚ್ಚಿ ಕಾಯುವವನೂ ಅವನೇ, ಹೇಳಿ ಕಳಿಸಿದಾಗ ಎತ್ತುವವನೂ ಅವನೇ. ತುಂಗಭದ್ರೆಯ ಎಡದಂಡೆ ಕಾಲುವೆ ನೋಡಿ ಬೆಳೆದ ಮಕ್ಕಳಿಗೆ ಇಷ್ಟು ಸಾಕು.

ಹಾಗಾದರೆ ಆ ಕಾವಲುಗಾರನೇ ಇಲ್ಲದಿದ್ದರೆ? 2015ರಲ್ಲಿ ಝೆನೋಪಸ್ ಟ್ರಾಪಿಕಾಲಿಸ್ ಕಪ್ಪೆಯಲ್ಲಿ ಆಲ್ಫಾ ರಿಸೆಪ್ಟರಿನ ಜೀನ್ ಕೆಡಿಸಿ ನೋಡಿದರು. ಹಿಂಗಾಲು ಹೊತ್ತಿಗೆ ಮುಂಚೆಯೇ ಬೆಳೆಯತೊಡಗಿತು. ಆಮೇಲೆ ಹಾರ್ಮೋನ್ ಬಂದಾಗ ಮಾತ್ರ ಸ್ಪಂದನೆ ಮಂದ. ಇದು ತರಗತಿಯಲ್ಲಿ ಯಾರೂ ಊಹಿಸದ ಉತ್ತರ.

'ಅದೇ ಹಾರ್ಮೋನಿಗೆ ಕಾಲು ಬೆಳೆದು ಬಾಲ ಕರಗುವುದು ಹೇಗೆ ಸರ್?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಾಲದಲ್ಲಿ ಬೀಟಾ ರಿಸೆಪ್ಟರ್ ಹಾರ್ಮೋನಿನಿಂದಲೇ ಹೆಚ್ಚುತ್ತದೆ, ಅಲ್ಲಿ ಏಳುವ ಜೀನ್‌ಗಳೇ ಬೇರೆ. ಮುಂಗಾಲು ಹೊರಬಂದ ಮೇಲೆ ಗೊದಮೊಟ್ಟೆಗಳು ತಿನ್ನುವುದಿಲ್ಲ, ಸೊಪ್ಪು ನಿಲ್ಲಿಸಿ. ತೊಟ್ಟಿಯಲ್ಲಿ ಒಂದು ಹಂಚನ್ನು ಓರೆಯಾಗಿ ಇಡಿ. ಈಗ ಶ್ವಾಸಕೋಶದಿಂದ ಉಸಿರಾಡುವ ಮರಿಗಳು ಹತ್ತಲು ಜಾಗವಿಲ್ಲದಿದ್ದರೆ ಮುಳುಗಿ ಸಾಯುತ್ತವೆ.