ಶಾಕ್ ಅಬ್ಸಾರ್ಬರ್ ತಿರುಗಿಸುವ ಮೊದಲು ಸ್ಯಾಗ್ ಅಳೆಯಿರಿ

ತಿರುವಿನಲ್ಲಿ ಬೈಕ್ ಹೊರಕ್ಕೆ ಎಳೆಯುತ್ತಿದ್ದರೆ, ಮುಂದಿನ ಚಕ್ರ ಹಗುರ ಅನಿಸಿದರೆ, ನಾನು ಮೊದಲು ತಣ್ಣಗಿರುವಾಗ ಟೈರಿನ ಗಾಳಿ ನೋಡುತ್ತೇನೆ, ಆಮೇಲೆ ಅಳತೆ ಟೇಪ್ ಹಿಡಿಯುತ್ತೇನೆ. ನನ್ನದು ಇಂಟರ್‌ಸೆಪ್ಟರ್ 650. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವುದು ಒಟ್ಟು 88 ಮಿ.ಮೀ. ಸವಾರ ಕೂತಾಗ ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು, ಅಂದರೆ 26ರಿಂದ 30 ಮಿ.ಮೀ. ಕುಸಿಯಬೇಕು. ಇದೇ ಸ್ಯಾಗ್.

ಬೈಕನ್ನು ಮೇನ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ನೆಲ ಬಿಟ್ಟಿದೆಯೇ ನೋಡಿಕೊಳ್ಳಿ. ಆಕ್ಸಲ್‌ನ (ಚಕ್ರದ ಅಚ್ಚಿನ) ನಡುವಿನಿಂದ ನೇರ ಮೇಲೆ, ಸೀಟಿನ ಕೆಳಗೆ ಅಂಟಿಸಿದ ಟೇಪಿನ ಗುರುತಿನವರೆಗೆ ಅಳೆದಾಗ ನನಗೆ 560 ಮಿ.ಮೀ. ಬಂತು. ಸ್ಟ್ಯಾಂಡ್ ಇಳಿಸಿ, ಹೆಲ್ಮೆಟ್, ಜಾಕೆಟ್, ಬೂಟು ಸಮೇತ ಕೂತು, ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟು ಗೋಡೆ ಹಿಡಿದುಕೊಳ್ಳಬೇಕು. ಅಳೆಯಲು ಇನ್ನೊಬ್ಬರು ಬೇಕೇ ಬೇಕು. ಅವರು ಹಿಂಭಾಗವನ್ನು ಒತ್ತಿ, ನಿಧಾನ ಮೇಲೇರಲು ಬಿಟ್ಟಾಗ 520. ಎತ್ತಿ, ನಿಧಾನ ಇಳಿಯಲು ಬಿಟ್ಟಾಗ 524. ಸರಾಸರಿ 522. ಮಧ್ಯದ 4 ಮಿ.ಮೀ. ಸೀಲು, ಬುಶ್‌ಗಳ ಘರ್ಷಣೆ. ಒಂದೇ ಸಲ ಅಳೆದರೆ ಮೋಸಹೋಗುವುದು ಇಲ್ಲೇ. 560ರಲ್ಲಿ 522 ಕಳೆದರೆ ಸ್ಯಾಗ್ 38. ಹಿಂಭಾಗ ಕೂತುಬಿಟ್ಟಿದೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಹಿಂದಕ್ಕೆ ಮಲಗಿದೆ, ಬೈಕ್ ತಿರುಗಲು ಸೋಮಾರಿಯಾಗಿದೆ.

ಇದನ್ನು ಸರಿಮಾಡಲು ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ, ಏರಿಸಬೇಕು. ಅದಕ್ಕೆಂದು ಶಾಕಿನ ಸ್ಪ್ರಿಂಗಿನ ತುದಿಯಲ್ಲಿರುವ ಕಾಲರಿನ ಮೆಟ್ಟಿಲುಗಳಲ್ಲಿ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆಯದಿದ್ದರೆ ಕಾಲರ್ ತಿರುಗಿಸುವ ಸಿ-ಸ್ಪ್ಯಾನರ್ (ಕೊಕ್ಕೆಯಂಥ ಸ್ಪ್ಯಾನರ್) ಜಾರಿ ಬೆರಳಗೆಣ್ಣು ಸುಲಿಯುತ್ತದೆ. ಚಕ್ರ ಎತ್ತಿರುವಾಗಲೇ ತಿರುಗಿಸಿ, ಸ್ಪ್ರಿಂಗ್ ಮೇಲೆ ಭಾರವಿರುವುದಿಲ್ಲ. ಎಡಗಡೆ ಶಾಕಿಗೆ ಎಷ್ಟು ಮೆಟ್ಟಿಲೋ ಬಲಗಡೆಯದಕ್ಕೂ ಅಷ್ಟೇ. ಎರಡು ಮೆಟ್ಟಿಲು ಏರಿಸಿದ ಮೇಲೆ ಸರಾಸರಿ 531, ಸ್ಯಾಗ್ 29.

ಪ್ರಿಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಗ್ಯಾರೇಜುಗಳಲ್ಲೂ ಹೇಳುತ್ತಾರೆ. ತಪ್ಪು. ಸ್ಪ್ರಿಂಗಿನ ಬಿಗುವು ಅದರ ತಂತಿಯ ದಪ್ಪ ಮತ್ತು ಸುತ್ತುಗಳಲ್ಲಿದೆ. ಕಾಲರ್ ಬದಲಿಸುವುದು ಬೈಕು ನಿಲ್ಲುವ ಎತ್ತರವನ್ನು. ಅದಕ್ಕೇ ಸವಾರನಿಲ್ಲದೆ, ಬೈಕಿನ ಸ್ವಂತ ಭಾರಕ್ಕೆ ಎಷ್ಟು ಕುಸಿಯುತ್ತದೆ ಎಂದೂ ಅಳೆಯಬೇಕು. ನನಗೆ 10 ಬಂತು, ಸರಿಯಿದೆ. ಸವಾರ ಕೂತಾಗ 29 ಇದ್ದೂ ಖಾಲಿ ಬೈಕು ಎರಡು ಮೂರು ಮಿ.ಮೀ. ಮಾತ್ರ ಕುಸಿದರೆ ಆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆತ್ತಗಾಯಿತು ಎಂದರ್ಥ. ಅಲ್ಲಿ ಎಷ್ಟು ಮೆಟ್ಟಿಲು ಏರಿಸಿದರೂ ಪ್ರಯೋಜನವಿಲ್ಲ, ಗಟ್ಟಿ ಸ್ಪ್ರಿಂಗೇ ಬೇಕು.

ಮುಂದಿನ ಫೋರ್ಕಿಗೂ ಇದೇ ಲೆಕ್ಕ: 110ರಲ್ಲಿ 35ರ ಆಸುಪಾಸು. ಕಂಪನಿ ಕೊಟ್ಟ ಫೋರ್ಕಿನಲ್ಲಿ ತಿರುಗಿಸುವ ಸ್ಕ್ರೂ ಇಲ್ಲ. ಸ್ಪ್ರಿಂಗ್ ಅಥವಾ ಅದನ್ನು ಒತ್ತಿಹಿಡಿಯುವ ಸ್ಪೇಸರ್ ಬದಲಿಸಬೇಕು.

ಹಿಂದೆ ಒಬ್ಬರು ಕೂರುವ ದಿನ ಇನ್ನೆರಡು ಮೆಟ್ಟಿಲು ಏರಿಸುತ್ತೇನೆ, ವಾಪಸ್ ಬಂದ ದಿನವೇ ಇಳಿಸುತ್ತೇನೆ. ಮರೆತು ಒಬ್ಬರೇ ಚಾರ್ಮಾಡಿ ಘಾಟಿ ಇಳಿದರೆ, ಬ್ರೇಕ್ ಒತ್ತಿದಾಗಲೆಲ್ಲ ಶಾಕ್ ಪೂರ್ತಿ ಚಾಚಿಕೊಂಡು ಹಿಂದಿನ ಚಕ್ರ ಪುಟಿಯುತ್ತದೆ.