ಸೊಂಟ ಹಿಡಿದ ಮೇಲೆ 100 ಕಿಲೋ ಡೆಡ್‌ಲಿಫ್ಟ್

ನೆಲದ ಮೇಲಿನ ಭಾರದ ಕಬ್ಬಿಣದ ಸರಳನ್ನು, ಅಂದರೆ ಬಾರನ್ನು, ಬಾಗಿ ಹಿಡಿದು ನೆಟ್ಟಗೆ ಎದ್ದು ನಿಲ್ಲುವುದೇ ಡೆಡ್‌ಲಿಫ್ಟ್. ಬದಿಯಡ್ಕದ ಜಿಮ್ಮಿನಲ್ಲಿ ಹಾಗೆ 90 ಕಿಲೋ ಎತ್ತುವಾಗ ನನ್ನ ಸೊಂಟ ಹಿಡಿಯಿತು. ನಾಲ್ಕನೆಯ ಸಲಕ್ಕೇ ಬೆನ್ನು ಗೂನಾಗಿತ್ತು, ಅದು ನನಗೆ ಗೊತ್ತಾಗಿಯೂ ಇತ್ತು. ಐದು ಮುಗಿಸಿಯೇ ಇಡುವುದೆಂದು ಹಟ ಮಾಡಿದೆ. ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಬೆನ್ನೆಲುಬುಗಳ ನಡುವಿನ ಮೆತ್ತೆಗಳಲ್ಲಿ ತೀರಾ ಕೆಳಗಿನ ಡಿಸ್ಕ್, ಎಲ್5-ಎಸ್1, ಉಬ್ಬಿದೆ ಎಂದರು. “ಇನ್ನು ಆ ಕಬ್ಬಿಣದ ಸಹವಾಸ ಬೇಡ ಮಗಾ” ಎಂದರು ಅಮ್ಮ. ಹದಿಮೂರು ತಿಂಗಳ ಬಳಿಕ ಅದೇ ಜಿಮ್ಮಿನಲ್ಲಿ 100 ಎತ್ತಿದೆ. ನನ್ನ ಹಾಗೆ ಮನೆಯಲ್ಲಿ ಕೂತವರಿಗಾಗಿ ಆ ದಾರಿಯನ್ನು ಬರೆಯುತ್ತಿದ್ದೇನೆ.

ಮೊದಲು ಡಾಕ್ಟರರ ಒಪ್ಪಿಗೆ ಬೇಕು. ಪಾದ ಎತ್ತಲಾಗದಿದ್ದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮದ ಮಾತೇ ಬೇಡ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಮೂರು ತಿಂಗಳು ನಾನು ಬಾರ್ ಮುಟ್ಟಲಿಲ್ಲ. ನಡೆದೆ, ಮತ್ತೆ ಫಿಸಿಯೋ ಹೇಳಿಕೊಟ್ಟ ಎರಡೇ ವ್ಯಾಯಾಮ ಮಾಡಿದೆ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು ಒಂದು. ಅಂಬೆಗಾಲಿನಲ್ಲಿ ನಿಂತು ಎದುರುಬದುರು ಕೈಕಾಲು ಚಾಚುವುದು ಇನ್ನೊಂದು. ಬೆಳಿಗ್ಗೆ ಎದ್ದ ಒಂದು ಗಂಟೆ ಬಾಗುವ ಕೆಲಸ ಬಿಟ್ಟೆ. ರಾತ್ರಿಯೆಲ್ಲ ಮಲಗಿದಾಗ ಡಿಸ್ಕ್ ನೀರು ಹೀರಿ ಬಿಗಿದಿರುತ್ತದೆ. ತೋಟದಲ್ಲಿ ಅಡಿಕೆ ಹೆಕ್ಕುವುದನ್ನೂ ಕಾಫಿ, ತಿಂಡಿ ಆದ ಮೇಲಕ್ಕೆ ದೂಡಿದೆ.

ಮುಂದಿನ ಎರಡು ತಿಂಗಳು ಬಾಗುವುದನ್ನೇ ಹೊಸತಾಗಿ ಕಲಿತೆ. ಹಳೆಯ ದೋಟಿಯ ತುಂಡೊಂದು ಸಾಕು. ಅದನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ: ತಲೆಯ ಹಿಂಭಾಗ, ಹೆಗಲೆಲುಬುಗಳ ನಡು, ಸೊಂಟದ ಕೆಳಗಿನ ಎಲುಬು, ಈ ಮೂರಕ್ಕೂ ಕೋಲು ತಾಗಬೇಕು. ಮೊಣಕಾಲು ತುಸು ಸಡಿಲಿಸಿ ಸೊಂಟವನ್ನು ಹಿಂದಕ್ಕೆ ದೂಡುತ್ತಾ ಬಾಗಿ. ಒಂದು ಕಡೆ ಕೋಲು ಬಿಟ್ಟಿತೋ, ನಿಮ್ಮ ಮಿತಿ ಅಲ್ಲಿಗೇ. ನನ್ನದು ಮೊದಮೊದಲು ಮೊಣಕಾಲಿನವರೆಗೂ ಇಳಿಯುತ್ತಿರಲಿಲ್ಲ.

ಊರ ಜಿಮ್ಮುಗಳಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ. ಬಾರಿನ ತುದಿಗೆ ಹಾಕುವ ಭಾರದ ಚಕ್ರವೇ ಪ್ಲೇಟು; ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್. ನಮ್ಮಲ್ಲಿಯ 10 ಕಿಲೋದ ಕಬ್ಬಿಣದ ಪ್ಲೇಟು ಅದಕ್ಕಿಂತ ಎಷ್ಟೋ ಚಿಕ್ಕದು. ಹಾಗಾಗಿ ಬಾರ್ ಕೆಳಗಿರುತ್ತದೆ, ನೀವು ಹೆಚ್ಚು ಬಾಗಬೇಕಾಗುತ್ತದೆ. ಕಡಿಮೆ ಭಾರಕ್ಕೇ ಬೆನ್ನು ಗೂನಾಗುವುದು ಹೀಗೆ. ನಾನು ಹಲಸಿನ ಹಲಗೆಯ ತುಂಡುಗಳನ್ನು ಒಯ್ದು ಪ್ಲೇಟಿನಡಿ ಪೇರಿಸಿ, ಬಾರನ್ನು ಮೊಣಕಾಲಿಗಿಂತ ತುಸು ಕೆಳಗೆ ನಿಲ್ಲಿಸಿದೆ. “ಮಾಷ್ಟ್ರೇ, ಮರದ ಕೆಲಸವಾ?” ಎಂದು ಹುಡುಗರು ಕೇಳಿದರು. ತಿಂಗಳಿಗೊಂದು ಹಲಗೆ ತೆಗೆಯುತ್ತ ಬಂದೆ. ಆ ಹುಡುಗರೇ ಈಗ ಅದನ್ನು ಕೇಳಿ ಪಡೆಯುತ್ತಾರೆ.

ಶುರು 40 ಕಿಲೋದಿಂದ: 20ರ ಬಾರ್, ಎರಡು ಬದಿಗೆ ಹತ್ತು ಹತ್ತು. ಬಾರ್ ಶೂ ಲೇಸಿನ ನೇರಕ್ಕೆ, ಮೊಣಕಾಲ ಕೆಳಗಿನ ಮುಂದಿನ ಎಲುಬಿಗೆ ಅಂಟಿಕೊಂಡಂತೆ ಇರಲಿ. ಹೊಟ್ಟೆಗೆ ಉಸಿರು ತುಂಬಿ ಹಿಡಿದು, ನೆಲವನ್ನು ಕಾಲಿನಿಂದ ಒತ್ತಿ ಏಳಿ. ಬಿಪಿ ಇದ್ದವರು ಉಸಿರು ಹಿಡಿಯುವ ಬಗ್ಗೆ ಮೊದಲೇ ಡಾಕ್ಟರರಲ್ಲಿ ಕೇಳಿ. ವಾರಕ್ಕೆ ಎರಡೂವರೆ ಕಿಲೋ, ಅಂದರೆ ಬದಿಗೆ 1.25, ಏರಿಸಿ; ಪ್ರತಿ ನಾಲ್ಕನೆಯ ವಾರ ಹಗುರ ಮಾಡಿ. ನನಗೆ ಹೆಚ್ಚುಕಡಿಮೆ ಎಂಟು ತಿಂಗಳು ಹಿಡಿಯಿತು. ಆಟಿಯ ಮಳೆಯಲ್ಲಿ ಬಾರ್ ಬೆವರಿದ ಹಾಗೆ ಒದ್ದೆಯಾಗಿರುತ್ತದೆ, ಒಣ ಬಟ್ಟೆಯಲ್ಲಿ ಒರೆಸದೆ ಹಿಡಿಯಬೇಡಿ.

ಏರಿಸಬೇಕೋ ಬೇಡವೋ ಎಂಬುದನ್ನು ಸಂಜೆಯ ಹುಮ್ಮಸ್ಸಿಗೆ ಬಿಡಬೇಡಿ. ಮರುದಿನ ಬೆಳಿಗ್ಗೆ ಹಲ್ಲುಜ್ಜಿ ಮುಖ ತೊಳೆಯುವಾಗ ಸೊಂಟ ಏನು ಹೇಳುತ್ತದೆ ನೋಡಿ, ನೋವಿಗೆ ಹತ್ತರಲ್ಲಿ ಅಂಕ ಕೊಟ್ಟು ಪುಸ್ತಕದಲ್ಲಿ ಬರೆಯಿರಿ. ಎತ್ತುವಾಗ ಮೂರರವರೆಗೆ ಇದ್ದ ನೋವು ಬೆಳಗಾಗುವಾಗ ಎಂದಿನ ಮಟ್ಟಕ್ಕೆ ಇಳಿದಿದ್ದರೆ ಸರಿ. ಇಳಿಯದಿದ್ದರೆ ಹಿಂದಿನ ವಾರದ ಭಾರಕ್ಕೇ ಹೋಗಿ. ನೋವು ಮೊಣಕಾಲು ದಾಟಿ ಪಾದಕ್ಕೆ ಇಳಿಯತೊಡಗಿದರೆ ನಿಲ್ಲಿಸಿ, ಫಿಸಿಯೋಗೆ ತೋರಿಸಿ.

90 ಹಾಕಿದ ದಿನ ಕೈ ನಡುಗಿತು. ನೋವು ಇರಲಿಲ್ಲ, ಹೆದರಿಕೆ ಇತ್ತು. ಕಳಚಿಟ್ಟು 87.5ರಲ್ಲೇ ಇನ್ನೆರಡು ವಾರ ನಿಂತೆ, ಬದಿಯಿಂದ ವಿಡಿಯೋ ತೆಗೆಸಿ ಬೆನ್ನು ನೆಟ್ಟಗಿರುವುದನ್ನು ಕಣ್ಣಾರೆ ಕಂಡೆ. ಆಮೇಲೆ 90 ಎದ್ದಿತು.

100 ಎತ್ತಿದ್ದು ಒಂದೇ ಒಂದು ಸಲ. ಎರಡನೆಯದಕ್ಕೆ ಶಕ್ತಿ ಇತ್ತು, ಇಟ್ಟುಬಿಟ್ಟೆ. ಮರುದಿನ ಬೆಳಿಗ್ಗೆ ಬರೆದ ಅಂಕ ಒಂದು. ತಿಂಡಿ ತಿಂದು ಬುಟ್ಟಿ ಹಿಡಿದು ಅಮ್ಮನ ಹಿಂದೆ ತೋಟಕ್ಕೆ ಇಳಿದೆ.