ಮೈಸೂರಿನಿಂದ ಬೆಂಗಳೂರಿಗೆ: ಇಪ್ಪತ್ತು ಸಾವಿರದಲ್ಲಿ ಕೈಗೆ ಉಳಿದದ್ದೆಷ್ಟು?

ಮೈಸೂರಲ್ಲಿ ಸಿಟಿಸಿ (ಪಿಎಫ್, ವಿಮೆ ಎಲ್ಲ ಸೇರಿ ಕಂಪನಿ ನನ್ನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 6 ಲಕ್ಷ, ತಿಂಗಳಿಗೆ ಕೈಗೆ 44,000. ಬೆಂಗಳೂರಿನ ಆಫರ್ 8.4 ಲಕ್ಷ, ಅಂದರೆ ಕಾಗದದ ಮೇಲೆ ತಿಂಗಳಿಗೆ 20,000 ಜಾಸ್ತಿ. ಒಪ್ಪುವ ಮೊದಲು ಎಚ್‌ಆರ್ ಹತ್ತಿರ ಸಂಬಳದ ಬ್ರೇಕಪ್ ಕೇಳಿ ತರಿಸಿಕೊಂಡೆ.

ಅದರಲ್ಲಿ ವರ್ಷಕ್ಕೆ 60,000 ವೇರಿಯಬಲ್ ಪೇ, ಅಂದರೆ ಖಾತ್ರಿಯಿಲ್ಲದ ಭಾಗ. ಬಂದರೆ ಬಂತು; ಅದನ್ನು ನಂಬಿ ಬಾಡಿಗೆ ಕಟ್ಟಲಾಗದು, ಲೆಕ್ಕದಿಂದ ಹೊಡೆದುಹಾಕಿದೆ. ಉಳಿದದ್ದು ತಿಂಗಳಿಗೆ 65,000, ಅದರಲ್ಲಿ ಬೇಸಿಕ್ (ಮೂಲ ವೇತನ) 32,500. ಕಂಪನಿ ಪಾಲಿನ ಪಿಎಫ್ 3,900, ಗ್ರ್ಯಾಚುಯಿಟಿ (ಬೇಸಿಕ್‌ನ 4.81%) 1,563, ವಿಮೆ 1,000, ನನ್ನ ಪಾಲಿನ ಪಿಎಫ್ 3,900, ವೃತ್ತಿ ತೆರಿಗೆ 200 ಕಳೆದರೆ ಕೈಗೆ 54,437. ಹೊಸ ಪದ್ಧತಿಯಲ್ಲಿ ಇಷ್ಟು ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಇಪ್ಪತ್ತು ಸಾವಿರ ಇಲ್ಲೇ ಹತ್ತೂವರೆಗೆ ಇಳಿಯಿತು.

ಖರ್ಚಿನ ಕಡೆ ದಿನಸಿ, ಹಾಲು, ಮೊಬೈಲ್ ಬಿಟ್ಟುಬಿಟ್ಟೆ. ಎರಡೂ ಊರಲ್ಲಿ ಹೆಚ್ಚೂಕಡಿಮೆ ಒಂದೇ. ವ್ಯತ್ಯಾಸ ಮನೆಯದ್ದು. ಮೈಸೂರಿನ ಕುವೆಂಪುನಗರದ 10,000ದ ಮನೆಯಂಥದ್ದಕ್ಕೆ ಬೆಂಗಳೂರಿನ ವಿಜಯನಗರದಲ್ಲಿ 18,000. ಮೇಂಟೆನೆನ್ಸ್, ನೀರು ಸೇರಿ ಇನ್ನೂ 1,500. ನೀರು ಕಾವೇರಿಯೋ ಬೋರ್‌ವೆಲ್ಲೋ, ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರದ್ದು ಅಂತ ಕೆಳಗಿನ ಮನೆಯವರನ್ನೇ ಕೇಳಬೇಕು, ಬ್ರೋಕರನ್ನಲ್ಲ. ಓಡಾಟಕ್ಕೆ 1,400 ಹೆಚ್ಚು.

ಜನ ಮರೆಯುವುದು ಒಂದೇ ಸಲ ಹೋಗುವ ದುಡ್ಡನ್ನು. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 18,000, ಲಾರಿಗೆ 12,000, ಖಾಲಿ ಮಾಡುವಾಗ ಪೇಂಟಿಂಗ್ ಹೆಸರಲ್ಲಿ ಮುರಿದುಕೊಳ್ಳುವ ಇನ್ನೊಂದು 18,000. ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ 2,000. ಆರು ತಿಂಗಳ ಅಡ್ವಾನ್ಸ್ 1,08,000 ವಾಪಸ್ ಬರುತ್ತದೆ ನಿಜ. ಆದರೆ ಎಫ್‌ಡಿಯಲ್ಲಿದ್ದರೆ ಶೇ. 7ರಂತೆ ತಿಂಗಳಿಗೆ 630 ಬರುತ್ತಿತ್ತು. ಅಗ್ರಿಮೆಂಟ್‌ನಲ್ಲಿ ಪೇಂಟಿಂಗ್ ಮೊತ್ತವನ್ನು ಅಂಕಿಯಲ್ಲೇ ಬರೆಸಬೇಕು. ‘ವಾಸ್ತವ ಖರ್ಚು’ ಅಂತ ಬಿಟ್ಟರೆ ಎಷ್ಟು ಬೇಕಾದರೂ ಹಿಡಿಯುತ್ತಾರೆ. ಗೃಹಜ್ಯೋತಿಗೆ ಆ ಮನೆಯ ಆರ್‌ಆರ್ (ಕರೆಂಟ್ ಸಂಪರ್ಕದ) ನಂಬರಿನಿಂದ ಹಳೇ ಬಾಡಿಗೆದಾರರ ಆಧಾರ್ ಡೀಲಿಂಕ್ ಆಗಿದೆಯಾ ಅಂತಲೂ ಕೀ ಇಸಿದುಕೊಳ್ಳುವ ಮುಂಚೆ ನೋಡಿಕೊಳ್ಳಬೇಕು.

ಎಲ್ಲ ಕೂಡಿದರೆ ಹೆಚ್ಚುವರಿ ಖರ್ಚು 13,530. ಹೆಚ್ಚುವರಿ ಸಂಬಳ 10,437. ತಿಂಗಳಿಗೆ ಮೂರು ಸಾವಿರ ಖೋತಾ.

ಬ್ರೇಕಪ್ ಮತ್ತೆ ನೋಡಿದೆ. ಮೈಸೂರಲ್ಲಿ ಪಿಎಫ್ ಹಿಡಿಯುತ್ತಿದ್ದುದು 15,000ದ ಮಿತಿಗೆ ಶೇ. 12, ಅಂದರೆ 1,800. ಹೊಸ ಕಂಪನಿ ಇಡೀ ಬೇಸಿಕ್ ಮೇಲೆ ಹಿಡಿಯುತ್ತಿತ್ತು. ಎರಡೂ ಪಾಲನ್ನು 1,800ಕ್ಕೆ ಇಳಿಸಿ, ಉಳಿದದ್ದನ್ನು ಅಲೋಯನ್ಸ್‌ಗೆ ಸೇರಿಸಿ ಅಂತ ಕೇಳಿದೆ. ಒಪ್ಪಿದರು, ಕೈಗೆ 4,200 ಹೆಚ್ಚಿತು. ಉಳಿತಾಯ ಅಷ್ಟರಮಟ್ಟಿಗೆ ಕಡಿಮೆ, ಅದು ಗೊತ್ತಿದ್ದೇ ಮಾಡಿದ್ದು. ಇಷ್ಟಾದ ಮೇಲೆ ಇಪ್ಪತ್ತು ಸಾವಿರದ ಏರಿಕೆಯಲ್ಲಿ ತಿಂಗಳಿಗೆ ಉಳಿಯುವುದು 1,107 ರೂಪಾಯಿ.